ಮೈಯೊಳಗಿನ ಕಾವು

“ತಡೀರಿ, ಎತ್ತಬ್ಯಾಡ್ರಿ. ಮಗಳು ಬರ್ಲಿ,” ಎಂದು ಖಾಸಿಂಸಾಬ ಅಣ್ಣನ ಜನಾಜಾಕ್ಕೆ ಕೊಟ್ಟಿದ್ದ ಹೆಗಲನ್ನು ಹಿಂದಕ್ಕೆ ತೆಗೆದ. ಉಳಿದವರೂ ಬೇಸರದಿಂದಲೇ ಕೆಳಗಿಳಿಸಿದರು. ಬೆಟಗೇರಿಯ ಆ ಓಣಿಯಲ್ಲಿ ನೆರಳೆಂಬುದೇ ಇರಲಿಲ್ಲ. ಎಂಬತ್ತೇಳರ ಮೇ, ಅದರಲ್ಲೂ ರಮಜಾನ್ ತಿಂಗಳು. ಉಪವಾಸವಿದ್ದವರಿಗೆ ಮಾತೂ ಬೇಡವಾಗಿತ್ತು. ಮಗಳು ಬರಬೇಕಿದ್ದ ಮುಂಡರಗಿಯ ಬಸ್ಸಿಗೆ ಮಾತ್ರ ಯಾವ ಅವಸರವೂ ಇದ್ದಂತಿರಲಿಲ್ಲ.

ಸತ್ತ ಮರ್ದಾನಸಾಬನ ಹೆಂಡತಿ ಸುಗ್ರಾಬಿ ಹೊಸ್ತಿಲ ಒಳಗೆ ಗೋಡೆಗೆ ಒರಗಿ ಕೂತಿದ್ದಳು. ಬೆಳಗಿನಿಂದ ಕೇಳಿದ್ದನ್ನೇ ಮೈದುನನನ್ನು ಮತ್ತೆ ಕೇಳಿದಳು.

“ಡಾಕ್ಟರು ಖರೇ ಏನಂದ್ರು, ಖಾಸಿಂ?”

“ಎದಿ ನಿಂತಿತ್ತಂತ, ಭಾಬಿ. ಅಷ್ಟ.”

“ನೀ ಯಾಕ ಕೊರಗತಿ?” ಎಂದಳು ಪಕ್ಕದ ಮನೆಯ ಸಾವಂತ್ರೆವ್ವ. “ಬೆವರು ಬರ್ಲಿ ಅಂತ ಹೊಚ್ಚಿ, ಬಾಜೂಕ ಕುಂತು ಜೀವಾ ತೇದಿ. ಇನ್ನ ಯಾರು ಮಾಡ್ತಾರ ಅಷ್ಟು?”

ಖಾಸಿಂಸಾಬ ಅತ್ತ ಮುಖ ತಿರುಗಿಸಿದ. ಪಾಪ, ಸುಳ್ಳು ಹೇಳಿ ಅವನಿಗೆ ರೂಢಿಯಿರಲಿಲ್ಲ. ಒಂದೇ ಸುಳ್ಳನ್ನು ಮತ್ತೆ ಮತ್ತೆ ಹೇಳುವುದಂತೂ ಇನ್ನೂ ಕಷ್ಟ.

*

ಹತ್ತಿ ಹಿಂಜುವವನ ಮನೆಯಲ್ಲಿ ಗಾಳಿಯೇ ಶತ್ರು. ಕಿಟಕಿ ತೆರೆದರೆ ಹಿಂಜಿದ ಹತ್ತಿಯೆಲ್ಲ ಓಣಿಯ ಪಾಲು. ಹಾಗಾಗಿ ಮರ್ದಾನಸಾಬ ಬೇಸಿಗೆಯಲ್ಲೂ ತಗಡಿನ ಖೋಲಿಯ ಬಾಗಿಲು ಮುಚ್ಚಿಕೊಂಡೇ ಹಿಂಜುವ ಬಿಲ್ಲು ಹಿಡಿಯುತ್ತಿದ್ದ. ಲಗ್ನದ ದಿನಗಳು, ಗಾದಿಗಳಿಗೆ ಗಿರಾಕಿ. ಹಿಂದಿನ ಮಧ್ಯಾಹ್ನ ಬಿಲ್ಲಿನ ಸದ್ದು ನಿಂತಾಗ ಸುಗ್ರಾಬಿ ಒಳಗೆ ಹೋದಳು. ಗಂಡ ಹತ್ತಿಯ ಮೇಲೆ ಬಿದ್ದು ಏನೇನೋ ಬಡಬಡಿಸುತ್ತಿದ್ದ. ಮೈ ಕೆಂಡ; ಒಂದು ಹನಿ ಬೆವರಿಲ್ಲ. ಚಳಿಜ್ವರವೆಂದುಕೊಂಡು ಅವನೇ ಹೊಲಿದ ದಪ್ಪ ರಜಾಯಿ ಹೊದಿಸಿದಳು. ಸಾಲದೆಂದು ಇನ್ನೊಂದು. ಆ ಮನೆಯಲ್ಲಿ ಜ್ವರಕ್ಕೆ ಮೊದಲ ಔಷಧವೇ ಅದು.

ಸಂಜೆ ಟಾಂಗಾದಲ್ಲಿ ದವಾಖಾನೆಗೆ ಒಯ್ದಾಗ ಉಸಿರಿರಲಿಲ್ಲ. ಡಾಕ್ಟರು ಖಾಸಿಂಸಾಬನೊಬ್ಬನನ್ನೇ ಕರೆದು, “ಇದು ಜ್ವರ ಅಲ್ಲೋ, ಬಿಸಿಲು ಬಡದೈತಿ. ಹೊಚ್ಚಬಾರದಿತ್ತು. ತಣ್ಣೀರು ಸುರಿದಿದ್ರ ಉಳೀತಿದ್ನೇನೋ,” ಎಂದಿದ್ದರು.

*

ಕೊನೆಗೂ ಮಗಳು ದಿಲಶಾದಬಿ ಬಂದಳು. ಬಸ್ ಸ್ಟ್ಯಾಂಡಿನಿಂದ ಉರಿಬಿಸಿಲಲ್ಲಿ, ಉಪವಾಸದಲ್ಲೇ ಓಡಿಬಂದಿದ್ದಳು. ತಂದೆಯ ಮುಖ ನೋಡಿ “ಅಪ್ಪಾ” ಎಂದವಳು ಅಲ್ಲಿಯೇ ಕುಸಿದಳು. ಸುಗ್ರಾಬಿ ಅವಳ ಹಣೆ ಮುಟ್ಟಿ, ದಡಬಡಿಸಿ ಒಳಗೆ ಹೋಗಿ ರಜಾಯಿ ಹೊತ್ತು ತಂದಳು.

“ಬ್ಯಾಡ, ಭಾಬಿ!”

“ಮೈ ಸುಡಾಕತ್ತೈತಿ, ಕಾಣಂಗಿಲ್ಲೇನು ನಿನಗ?” ಎನ್ನುತ್ತ ಆಕೆ ಹೊದಿಸಿಯೇಬಿಟ್ಟಳು.

ಖಾಸಿಂಸಾಬ ಒಂದು ಗಳಿಗೆ ನಿಂತ. ಹೇಳಿದರೆ ಅತ್ತಿಗೆ ಉಳಿಯುವುದಿಲ್ಲ, ಹೇಳದಿದ್ದರೆ ಹುಡುಗಿ. ರಜಾಯಿ ಕಿತ್ತೆಸೆದು, ಬಾಗಿಲ ಬಳಿಯಿದ್ದ ಕೊಡವನ್ನೆತ್ತಿ ಹುಡುಗಿಯ ತಲೆಯ ಮೇಲೆ ಸುರಿಯತೊಡಗಿದ.

“ಹೊಚ್ಚಿದ್ರ ಕಾವು ಒಳಗ ಉಳೀತೈತಿ. ನೀರು ಹಾಕಬೇಕು. ಡಾಕ್ಟರು ಹೇಳ್ಯಾರ.”

“ಯಾವಾಗ ಹೇಳಿದ್ರು?”

ಖಾಸಿಂಸಾಬ ತಲೆ ಎತ್ತದೆ ನೀರು ಸುರಿಯುತ್ತಲೇ ಇದ್ದ.

ಸುಗ್ರಾಬಿ ಅವನ ಮುಖವನ್ನೇ ನೋಡಿದಳು. ಆಮೇಲೆ ಕೊಡವನ್ನು ಅವನ ಕೈಯಿಂದ ಕಸಿದುಕೊಂಡು ತಾನೇ ಸುರಿಯತೊಡಗಿದಳು. ದಿಲಶಾದಬಿ ಕಣ್ಣು ತೆರೆದು, “ಸಾಕ ಬೇ ಅವ್ವಾ, ಥಂಡಿ ಆಗಾಕತ್ತೈತಿ,” ಎಂದಳು. ಸುಗ್ರಾಬಿಗೆ ಕೇಳಿಸಲಿಲ್ಲ. ನೀರು ಮುಗಿದ ಮೇಲೂ ಕೊಡವನ್ನು ಮಗಳ ತಲೆಯ ಮೇಲೆ ಬಗ್ಗಿಸಿಯೇ ಹಿಡಿದಿದ್ದಳು.