ಜೊತೆಗಾರನ ಪಾಸು

ಟೈರು ಅಂಗಡಿಯಲ್ಲಿ ಎಲ್ಲರೂ ಅವನನ್ನು ‘ಪಿಟ್‌ಸ್ಟಾಪ್’ ಎಂದೇ ಕರೆಯುತ್ತಿದ್ದರು. ಓಟದ ನಡುವೆ ನಿಂತ ರೇಸು ಕಾರಿಗೆ ಚಕ್ರ ಬದಲಿಸುವವರ ಹಾಗೆ, ಗಿರಾಕಿ ಕುರ್ಚಿಗೆ ಬೆನ್ನು ಆನಿಸುವಷ್ಟರಲ್ಲಿ ಅವನು ಒಂದು ಚಕ್ರ ಬಿಚ್ಚಿ ಇನ್ನೊಂದನ್ನು ಹಾಕಿ ಮುಗಿಸಿರುತ್ತಿದ್ದ. ಊರಾಚೆಯ ಟ್ರ್ಯಾಕಿನಲ್ಲಿ ವರ್ಷಕ್ಕೊಮ್ಮೆ ನಡೆಯುವ ದೊಡ್ಡ ರೇಸಿಗೆ ಹದಿನೇಳು ವರ್ಷ ತಪ್ಪದೆ ಹೋಗಿದ್ದ. ಮದುವೆಯ ದಿನ ಗೊತ್ತುಮಾಡುವಾಗಲೂ ಮೊದಲು ರೇಸಿನ ತಾರೀಖು ನೋಡಿದವನು.

ಆಗೆಲ್ಲ ಎರಡು ದಿನದ ಕೂಲಿ ಕೊಟ್ಟರೆ ಮೂರನೇ ತಿರುವಿನ ಹುಲ್ಲುದಿಬ್ಬದ ಮೇಲೆ ಚಾಪೆ ಹಾಸಿ ಕೂರಬಹುದಿತ್ತು. ಆಮೇಲೆ ದಿಬ್ಬಕ್ಕೆ ಬೇಲಿ ಬಂತು, ಬೇಲಿಯೊಳಗೆ ಮೆಟ್ಟಿಲು ಬಂತು, ಮೆಟ್ಟಿಲ ಮೇಲೆ ಬಿಳಿ ಡೇರೆ ಬಂತು, ಡೇರೆಯೊಳಗೆ ರೇಸಿಗೆ ಬೆನ್ನು ಹಾಕಿ ಹರಟುವ ಕಂಪನಿಯವರು ಬಂದರು. ಈ ವರ್ಷವಂತೂ ತೀರಾ ಕಡಿಮೆ ದರ್ಜೆಯ ಟಿಕೆಟ್ಟೇ ಅವನ ಒಂದೂವರೆ ತಿಂಗಳ ಸಂಬಳ. ಬೆಲೆ ಕೇಳಿ ಹೆಂಡತಿ ಬೈಯಲಿಲ್ಲ, ನಕ್ಕುಬಿಟ್ಟಳು. “ಅಷ್ಟು ದುಡ್ಡಿಗೆ ಆ ಕಾರಿಂದು ಒಂದು ಚಕ್ರ ಆದ್ರೂ ಬಿಚ್ಚಿ ಕೊಡ್ತಾರಾ ಕೇಳಿ.”

ಉಪಾಯ ಹೇಳಿಕೊಟ್ಟವನು ಅಂಗಡಿಯಲ್ಲಿ ಅಲೈನ್‌ಮೆಂಟ್ ನೋಡುವವನು. “ಗಾಲಿಕುರ್ಚಿಯವರಿಗೆ ಅಂತ ಬೇರೆ ಕಟ್ಟೆ ಕಟ್ಟಿದಾರಂತೆ. ಅವರಿಗೆ ಅರ್ಧ ಬೆಲೆ. ತಳ್ಕೊಂಡು ಹೋಗೋನಿಗೆ ಜೊತೆಗಾರನ ಪಾಸು, ಪುಕ್ಕಟೆ. ನಿಮ್ಮ ಕಡೆ ಯಾರಿಗೂ ಕಾಲುನೋವೇ ಇಲ್ವೇನಯ್ಯಾ?”

ಅವನು ಹೇಳಿದ್ದು ತಮಾಷೆಗೆ. ಆದರೆ ಇವನಿಗೆ ಥಟ್ಟನೆ ಸೋದರತ್ತೆ ನೆನಪಾದಳು.

ಅತ್ತೆ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಮೂವತ್ತು ವರ್ಷ ದುಡಿದು ನಿವೃತ್ತಳಾದವಳು. ಎಂಟು ತಿಂಗಳ ಹಿಂದೆ ಮಂಡಿಯ ಆಪರೇಷನ್ ಆಗಿತ್ತು. ನಡೆಯಲಾಗದು ಎಂದು ಆಗ ಡಾಕ್ಟರು ಬರೆದುಕೊಟ್ಟ ಚೀಟಿಗೆ ಇನ್ನೂ ನಾಲ್ಕು ತಿಂಗಳ ಆಯಸ್ಸಿತ್ತು. ಅತ್ತೆಗೆ ಮಾತ್ರ ಅದರ ಅಗತ್ಯ ಎಂದೋ ಮುಗಿದಿತ್ತು. ಕೋಲೂರಿಕೊಂಡು ಪೇಟೆಗೆ ತಾನೇ ಹೋಗಿಬರುತ್ತಿದ್ದಳು. ಬಾಡಿಗೆಗೆ ತಂದು, ಕೊನೆಗೆ ಕೊಂಡೇಬಿಟ್ಟ ಗಾಲಿಕುರ್ಚಿಯ ಮೇಲೆ ಟವೆಲ್ಲು ಒಣಗುತ್ತಿತ್ತು.

ಆಪರೇಷನ್ನಾದಾಗ ಒಮ್ಮೆ ಹಣ್ಣು ಹಿಡಿದು ಹೋಗಿ ನೋಡಿಬಂದಿದ್ದ ಅಳಿಯ ಈಗ ಬಾಗಿಲಲ್ಲಿ ನಿಂತು, “ಅತ್ತೆ, ರೇಸಿಗೆ ಬರ್ತೀಯಾ?” ಎಂದಾಗ ಅವಳಿಗೆ ನಂಬಿಕೆಯೇ ಬರಲಿಲ್ಲ.

“ನಾನಾ? ನನಗೆ ಕಾರು ಅಂದ್ರೆ ಮುಂದೆ ಯಾವುದು ಹಿಂದೆ ಯಾವುದು ಗೊತ್ತಿಲ್ಲ ಕಣೋ.”

“ನಾನು ಹೇಳಿಕೊಡ್ತೀನಿ. ತುಂಬ ದೂರ ನಡೀಬೇಕು, ಕುರ್ಚಿ ತಗೊಂಡು ಹೋಗೋಣ.”

“ನೀನು ನನ್ನನ್ನ ತಳ್ಕೊಂಡು ಹೋಗ್ತೀಯಾ?” ಎಂದವಳು ಎದ್ದು ಒಳಗೆ ಹೋಗಿ ದುಡ್ಡು ತಂದಳು. “ನನ್ನ ಟಿಕೆಟ್ ದುಡ್ಡು ನಾನೇ ಕೊಡ್ತೀನಪ್ಪ. ನೀನು ಎರಡೆರಡು ಟಿಕೆಟ್ ಎಲ್ಲಿಂದ ತರ್ತೀಯ?”

ತರಬೇಕಾದದ್ದು ಒಂದೇ ಟಿಕೆಟ್ಟು ಎಂದು ಅವನು ಹೇಳಲಿಲ್ಲ. ಕುರ್ಚಿ ಒಳಗೆ ಬಿಡಲು ಬೇಕಾಗುತ್ತದೆಂದು ಡಾಕ್ಟರ ಚೀಟಿಯನ್ನೂ ಕೇಳಿ ಪಡೆದು, ದುಡ್ಡಿನ ಜೊತೆ ಜೇಬಿಗಿಟ್ಟುಕೊಂಡ. ಆಮೇಲೆ ಹೇಳಿದರಾಯಿತು ಎಂದು ಮೆಟ್ಟಿಲಿಳಿಯುವಾಗ ಅಂದುಕೊಂಡ. ಆ ‘ಆಮೇಲೆ’ ಬರಲೇ ಇಲ್ಲ.

ರೇಸಿನ ದಿನ ಅತ್ತೆ ಹೊಸ ಶಾಲು ಹೊದ್ದು ಕುರ್ಚಿಯಲ್ಲಿ ಕುಳಿತಳು. ದಾರಿಯುದ್ದಕ್ಕೂ ಸಿಕ್ಕಸಿಕ್ಕವರ ಹತ್ತಿರ ಅವಳದ್ದು ಒಂದೇ ಮಾತು. ಬಸ್ಸಿನ ಕಂಡಕ್ಟರಿಗೆ, “ನನ್ನ ತಮ್ಮನ ಮಗ. ತಾನಾಗೇ ಕರ್ಕೊಂಡು ಹೊರಟಿದಾನೆ” ಎಂದಳು. ಗೇಟಿನಲ್ಲಿ ಚೀಲ ತಪಾಸಣೆ ಮಾಡುವವಳಿಗೂ ಅದನ್ನೇ ಹೇಳಿದಳು. ಪ್ರತಿ ಸಲವೂ ಅವನು ಬಗ್ಗಿ ಕುರ್ಚಿಯ ಚಕ್ರ ನೋಡುತ್ತಿದ್ದ, ಅದಕ್ಕೇನೋ ಆಗಿದೆಯೆಂಬಂತೆ.

ಕಟ್ಟೆಯ ಮೇಲೆ ಹಳದಿ ಗೆರೆ ಎಳೆದು ಹತ್ತು ಕುರ್ಚಿಗೆ ಜಾಗ ಮಾಡಿದ್ದರು. ಕೊನೆಯ ಜಾಗ ಅತ್ತೆಗೆ ಸಿಕ್ಕಿತು. ಅವನಿಗೆ ಎದೆ ತುಂಬಿ ಬಂತು; ಮೂರನೇ ತಿರುವು ಅಂಗೈಯಲ್ಲಿಟ್ಟ ಹಾಗೆ ಕಾಣುತ್ತಿತ್ತು. ಲಕ್ಷ ಕೊಟ್ಟವರಿಗೂ ಇಂಥ ಜಾಗವಿಲ್ಲ.

ಐದು ನಿಮಿಷಕ್ಕೆ ಇನ್ನೊಂದು ಗಾಲಿಕುರ್ಚಿ ಬಂತು. ಐವತ್ತರ ಆಸುಪಾಸಿನ ಹೆಂಗಸು, ತಳ್ಳುತ್ತಿದ್ದವನು ಅವಳ ಗಂಡ. ಕೈಯಲ್ಲಿ ಟಿಕೆಟ್ಟಿತ್ತು, ಆದರೆ ಕಟ್ಟೆಗೆ ಹತ್ತುವ ಇಳಿಜಾರಿನ ಬುಡದಲ್ಲೇ ಅವರನ್ನು ನಿಲ್ಲಿಸಿದರು. ಟಿಕೆಟ್ಟು ಎಷ್ಟು ಮಾರಿದ್ದರೋ, ಜಾಗವಂತೂ ತುಂಬಿತ್ತು. ಅವರು ನಿಂತ ಕಡೆಯಿಂದ ಕಾಣುವುದು ಜಾಹೀರಾತಿನ ಹಲಗೆಗಳ ಹಿಂಬದಿ ಮಾತ್ರ.

ಅತ್ತೆ ಸುಮ್ಮನಿರುವ ಜಾತಿಯವಳಲ್ಲ. ಕಂಬಿಯ ಮೇಲಿಂದ ಬಗ್ಗಿ ಮಾತಿಗೆಳೆದಳು. ಆ ಹೆಂಗಸು ಹಿಂದೆ ಇದೇ ತಿರುವಿನಲ್ಲಿ ಹನ್ನೊಂದು ವರ್ಷ ಹಳದಿ ಬಾವುಟ ಬೀಸಿ, ಅಪಾಯವಿದೆ ಎಂದು ಡ್ರೈವರುಗಳಿಗೆ ಎಚ್ಚರಿಕೆ ಕೊಡುತ್ತಿದ್ದಳಂತೆ. ಬೆನ್ನುಹುರಿಗೆ ಕಾಯಿಲೆ ಬಂದಮೇಲೆ ಇದೇ ಮೊದಲ ಸಲ ಬಂದದ್ದು.

“ಪರವಾಗಿಲ್ಲ ಬಿಡಿ ಅಮ್ಮಾ,” ಎಂದಳು ಅವಳು. “ಯಾರು ಯಾವಾಗ ಬ್ರೇಕ್ ಒತ್ತಿದ್ರು ಅಂತ ಸದ್ದಲ್ಲೇ ಹೇಳ್ತೀನಿ. ನೀವು ಮೇಲಿಂದ ನೋಡಿ ಸರಿನಾ ತಪ್ಪಾ ಹೇಳಿ.”

ಅಷ್ಟರಲ್ಲಿ ಕಿತ್ತಳೆ ಬಣ್ಣದ ಕೋಟಿನ ಮೇಲ್ವಿಚಾರಕ ಕಟ್ಟೆ ಹತ್ತಿ ಒಬ್ಬೊಬ್ಬರನ್ನೇ ಕೇಳುತ್ತ ಬಂದ. “ನಿಮ್ಮಲ್ಲಿ ಯಾರಿಗಾದ್ರೂ ಸ್ವಲ್ಪ ಎದ್ದು ನಡೆಯೋಕಾಗುತ್ತಾ? ಆ ಪಕ್ಕದಲ್ಲಿ ಬೆಂಚಿದೆ, ಅಲ್ಲಿಂದಲೂ ಚೆನ್ನಾಗಿ ಕಾಣುತ್ತೆ. ಒಂದು ಕುರ್ಚಿಗೆ ಜಾಗ ಆಗುತ್ತೆ. ಆದ್ರೆ ಬೆಂಚಿಗೆ ಜೊತೆಗಾರರ ಪಾಸು ನಡೆಯಲ್ಲ, ಅವರು ಹೊರಗಡೆ ಕಾಯಬೇಕು.”

ಅತ್ತೆಯ ಎರಡೂ ಕೈ ಆಗಲೇ ಕುರ್ಚಿಯ ತೋಳುಗಳ ಮೇಲಿದ್ದವು. ಶಾಲು ಜಾರಿತ್ತು. “ಅಯ್ಯೋ, ನನಗೆ—”

ಅವನ ಕೈ ಅವಳ ಭುಜದ ಮೇಲೆ ಬಿತ್ತು. ಬಿದ್ದದ್ದಷ್ಟೇ ಅಲ್ಲ, ಒತ್ತಿತು. ದಿನವಿಡೀ ಟೈರು ಅದುಮುವ ಕೈ. ಅತ್ತೆ ಸೀಟಿಗೆ ಕುಸಿದಳು.

“ಆಗಲ್ಲ ಸಾರ್,” ಎಂದ ಅವನು. “ಆಪರೇಷನ್ ಆಗಿದೆ. ಚೀಟಿ ಇದೆ ನನ್ನ ಹತ್ರ.”

ಎಕ್ಸ್‌ಚೇಂಜಿನಲ್ಲಿ ಸಾವಿರಾರು ಜನರ ದನಿ ಕೇಳಿದ ಕಿವಿ ಅತ್ತೆಯದು. ಅವಳು ತಿರುಗಿ ಅವನ ಮುಖ ನೋಡಲಿಲ್ಲ. ಮೆಲ್ಲಗೆ ಕೇಳಿದಳು. “ನೀನು ಯಾಕೋ ಹೊರಗೆ ಕಾಯಬೇಕು? ನಿನ್ನ ಟಿಕೆಟ್ ಇದೆಯಲ್ಲ?”

ಅವನು ಬಗ್ಗಿ ಕುರ್ಚಿಯ ಚಕ್ರ ನೋಡಿದ.

“ನಾನು ಕೊಟ್ಟ ದುಡ್ಡಿಗೆ ಬಂದಿದ್ದು ಎಷ್ಟು ಟಿಕೆಟ್ಟು?”

“ಒಂದು,” ಎಂದ. “ಅರ್ಧ ಬೆಲೆಗೆ.”

“ಓ,” ಎಂದಳು ಅತ್ತೆ. ಅಷ್ಟೇ.

ಮೇಲ್ವಿಚಾರಕ ಇನ್ನೂ ನಿಂತೇ ಇದ್ದ. “ನೀವೇ ಹೇಳಿ ಅಮ್ಮಾ. ಆಗುತ್ತಾ, ಆಗಲ್ವಾ?”

ಆಗ ಒಂದು ಗಳಿಗೆ ಅವನಿಗೆ ಅವಕಾಶವಿತ್ತು. ಆಗುತ್ತೆ ಸಾರ್, ನಾನು ಹೊರಗಿರ್ತೀನಿ ಎಂದರೆ ಮುಗಿಯುತ್ತಿತ್ತು. ಅತ್ತೆಯೂ ಅದಕ್ಕಾಗಿಯೇ ಕಾದಳೆಂದು ಅವನಿಗೆ ಗೊತ್ತಾಯಿತು. ಕೆಳಗೆ ಕಾರುಗಳು ಸಾಲಾಗಿ ಹೊರಡುವ ಮೊದಲ ಗುಡುಗು ಕೇಳಿಸಿತು. ಅವನ ಕಣ್ಣು ತಾನಾಗಿ ಅತ್ತ ಹೋಯಿತು.

“ಆಗಲ್ಲಪ್ಪ,” ಎಂದಳು ಅತ್ತೆ.

ಅವಳ ಬಾಯಲ್ಲಿ ಅವನು ಸುಳ್ಳು ಕೇಳಿದ್ದು ಅದೇ ಮೊದಲು.

ರೇಸು ಒಂದೂವರೆ ಗಂಟೆ ನಡೆಯಿತು. ಹದಿನೇಳು ವರ್ಷದಲ್ಲಿ ಅಷ್ಟು ಹತ್ತಿರದಿಂದ ಅವನು ಎಂದೂ ನೋಡಿರಲಿಲ್ಲ, ಆದರೂ ಯಾರು ಗೆದ್ದರೆಂದು ಬೋರ್ಡು ನೋಡಿ ತಿಳಿಯಬೇಕಾಯಿತು. ಅತ್ತೆ ಮಡಿಲಲ್ಲಿ ಕೈ ಜೋಡಿಸಿ ಅಲುಗದೆ ಕುಳಿತಿದ್ದಳು. ಕೆಳಗಿನಿಂದ ಆಗಾಗ ಆ ಹೆಂಗಸಿನ ದನಿ ಬರುತ್ತಿತ್ತು. “ಈಗ ಹೋದೋನು ತಡವಾಗಿ ಬ್ರೇಕ್ ಹಾಕಿದ. ಅಲ್ವಾ ಅಮ್ಮಾ?” ಅತ್ತೆಗೆ ಅದೇನು ತಿಳಿಯಬೇಕು! ಪ್ರತಿ ಸಲವೂ “ಹೌದಮ್ಮ, ಸರಿಯಾಗಿ ಹೇಳಿದಿರಿ” ಎನ್ನುತ್ತಿದ್ದಳು. ತಾನು ಹೇಳಿಕೊಡುತ್ತೇನೆ ಎಂದಿದ್ದ ಅವನ ಬಾಯಿಂದ ಒಂದು ಮಾತೂ ಹೊರಡಲಿಲ್ಲ.

ಹೊರಗೆ ಬಂದು, ಗೇಟು ದಾಟಿ, ಜನ ಚದುರಿದ ಮೇಲೆ ಅವನು ಕುರ್ಚಿ ನಿಲ್ಲಿಸಿದ. “ಅತ್ತೆ, ಇನ್ನು ಎದ್ದೇಳು. ಕಾಲು ಜೋಮು ಹಿಡಿದಿರುತ್ತೆ. ಸ್ವಲ್ಪ ನಡಿ.”

“ಬೇಡ ಕಣೋ. ಆ ಕೋಟಿನವನು ಇನ್ನೂ ಅಲ್ಲೇ ಇದಾನೆ. ನೋಡಿದ್ರೆ ನಿನಗೆ ತೊಂದರೆ.”

ಬೈದಿದ್ದರೆ ತಡೆದುಕೊಳ್ಳುತ್ತಿದ್ದ. ಮತ್ತೆ ತಳ್ಳತೊಡಗಿದ. ಬಸ್ಸಿನ ನಿಲ್ದಾಣದವರೆಗೆ ಎರಡು ಮೈಲಿ; ರಸ್ತೆ ಏರುತ್ತಿತ್ತು. ಬೆವರು ಕಣ್ಣಿಗಿಳಿದರೂ ಒರೆಸಿಕೊಳ್ಳಲಿಲ್ಲ. ಅವಳ ಟಿಕೆಟ್ಟಿನ ದುಡ್ಡು ವಾಪಸು ಕೊಡುವ ಮಾತು ಎರಡು ಸಲ ನಾಲಿಗೆಯ ತುದಿಗೆ ಬಂತು. ಹಾಗೆಂದರೆ ಇನ್ನೂ ಹೊಲಸಾಗುತ್ತದೆ ಎನ್ನಿಸಿ ನುಂಗಿಕೊಂಡ.

ಅರ್ಧ ದಾರಿಯಲ್ಲಿ ಅತ್ತೆಯೇ ಮಾತಾಡಿದಳು. ದನಿಯಲ್ಲಿ ಕುಹಕವಿರಲಿಲ್ಲ. ಏನೋ ತನ್ನದೇ ತಪ್ಪೆಂಬಂತೆ ಹೇಳಿದಳು. “ಮುಂದಿನ ವರ್ಷಕ್ಕೆ ನನ್ನ ಮಂಡಿ ಪೂರ್ತಿ ಸರಿಹೋಗಿಬಿಟ್ಟಿರುತ್ತೆ. ಚೀಟಿಯೂ ನಡೆಯಲ್ಲ. ಬೇರೆ ಯಾರನ್ನಾದ್ರೂ ನೋಡ್ಕೋಬೇಕಾಗುತ್ತೆ ನೀನು.”

ಅವನು ನಿಂತುಬಿಟ್ಟ. ಹಿಂದೆ ಬರುತ್ತಿದ್ದವರು ಇಬ್ಬರನ್ನೂ ಬಳಸಿಕೊಂಡು ಮುಂದೆ ಹೋದರು.

“ಅತ್ತೆ,” ಎಂದ.

“ತಳ್ಳೋ,” ಎಂದಳು ಅವಳು. “ಬಸ್ಸು ಹೋಗಿಬಿಡುತ್ತೆ.”