ಲೆಕ್ಕಕ್ಕೆ ಬಾರದವರು

ವಿಶ್ವವಿದ್ಯಾಲಯದ ಲೈಬ್ರರಿಯ ಮೂರನೆಯ ಮಹಡಿಯಲ್ಲಿ ಮೌನ ಕೋಣೆಯನ್ನು ಕಾಯುತ್ತಿದ್ದ ಮುದುಕನಿಗೆ ವಿದ್ಯಾರ್ಥಿಗಳು ಇಟ್ಟ ಹೆಸರು ‘ಶ್ ತಾತ’. ತುಟಿಯ ಮೇಲೆ ಬೆರಳಿಟ್ಟುಕೊಂಡೇ ಇಪ್ಪತ್ತೆಂಟು ವರ್ಷ ಕಳೆದವನು. ಬೆಳಿಗ್ಗೆ ಬೀಗ ತೆಗೆದವನು ಕಿಟಕಿ ಪಕ್ಕದ ಕುರ್ಚಿಯನ್ನು ತನ್ನ ಕರವಸ್ತ್ರದಿಂದ ಒರೆಸಿ, ದೇವರ ಹೆಸರು ಹೇಳಿ, ಆಮೇಲೆ ದೀಪ ಹಾಕುತ್ತಿದ್ದ. ಅವನ ಮಗಳು ನಾಲ್ಕು ವರ್ಷ ಆ ಕುರ್ಚಿಯಲ್ಲೇ ಕುಳಿತು ಓದಿದ್ದಳು. ಕೊನೆಯ ಪರೀಕ್ಷೆಗೆ ಮೊದಲೇ ಜ್ವರ ಅವಳನ್ನು ಕೊಂಡೊಯ್ದಿತ್ತು.

ಲೈಬ್ರರಿಗೆ ಹೊಸ ರೂಪ ಕೊಡಲು ಡಿಸೈನರ್ ಒಬ್ಬಳು ಬಂದಳು. “ತಾತ, ಎರಡು ತಿಂಗಳು, ಗಂಟೆಗೊಂದ್ಸಲ, ಎಷ್ಟು ಜನ ಓದ್ತಿದಾರೆ ಅಂತ ಬರೆದಿಡ್ತೀರಾ? ಎಲ್ಲಿ ಏನಿರಬೇಕು ಅಂತ ಅದನ್ನ ನೋಡೇ ತೀರ್ಮಾನ ಮಾಡೋದು.”

“ಅದೇನು ದೊಡ್ಡ ಕೆಲಸ ತಾಯಿ?” ಎಂದ. ಒಂದು ಗಂಟೆಯೂ ತಪ್ಪದೆ ಬರೆದ.

ಮೂರನೆಯ ತಿಂಗಳು ಗೋಡೆಯ ಮೇಲೆ ನಕ್ಷೆ ಬಂತು. ಮೌನ ಕೋಣೆಯ ಜಾಗದಲ್ಲಿ ಗುಂಪು ಚರ್ಚೆಯ ಕೋಣೆ. ಚಕ್ರದ ಮೇಜುಗಳು, ಬರೆದು ಅಳಿಸುವ ಗೋಡೆಗಳು.

“ತಾಯಿ, ಇದು ನನ್ನ ಕೋಣೆ ಅಲ್ವಾ?”

“ನೀವೇ ಬರೆದಿದೀರಲ್ಲ ತಾತ. ನಲವತ್ತು ಕುರ್ಚಿ, ಓದೋರು ಮೂರೋ ನಾಲ್ಕೋ.”

“ಅಯ್ಯೋ, ಕಾಲಿಡೋಕೂ ಜಾಗ ಇರಲ್ಲ ಅಲ್ಲಿ!”

“ಮತ್ತೆ ಉಳಿದವರನ್ನ ಯಾಕೆ ಬರೀಲಿಲ್ಲ ತಾತ?”

ಅವನು ಕೆಲಸಕ್ಕೆ ಸೇರಿದ ದಿನ ಹಳೆಯ ಗ್ರಂಥಪಾಲಕರು ಹೇಳಿಕೊಟ್ಟಿದ್ದರು: ಇಲ್ಲಿಯ ಕಪಾಟಿನಿಂದ ಪುಸ್ತಕ ತೆಗೆದವನು ಓದುಗ, ಮನೆಯಿಂದ ನೋಟ್‌ಬುಕ್ ತಂದವನು ಬರೀ ಕೂತವನು. ದಿನದ ಓದುಗರ ಲೆಕ್ಕದ ಪುಸ್ತಕದಲ್ಲಾಗಲಿ, ಈ ಎರಡು ತಿಂಗಳಾಗಲಿ, ಕೂತವರನ್ನು ಅವನು ಎಂದೂ ಬರೆದವನಲ್ಲ.

“ಇನ್ನೊಂದು ತಿಂಗಳು ಕೊಡಿ ತಾಯಿ. ಎಲ್ಲರನ್ನೂ ಬರೀತೀನಿ.”

ಅವಳು ಅಂದೇ ಮೇಲಿನವರ ಬಳಿ ಹೋದಳು, ಮುಖ ಬಾಡಿಸಿಕೊಂಡು ಬಂದಳು. “ಮೊನ್ನೆನೇ ಸಹಿ ಆಗೋಯ್ತಂತೆ ತಾತ. ನಿಮ್ಮದೇ ಕೈಬರಹ ಇದೆಯಲ್ಲ, ಇನ್ನೇನು ಅಂತಾರೆ.”

ಮೆಟ್ಟಿಲಿಳಿಯುವಾಗ ಅವನಿಗೆ ಇನ್ನೊಂದು ಹೊಳೆದು ಕಾಲು ನಿಂತಿತು. ಮಗಳು ತರುತ್ತಿದ್ದದ್ದೂ ಮನೆಯ ನೋಟ್‌ಬುಕ್ಕೇ. “ಅಪ್ಪಾ, ನನ್ನನ್ನೂ ಬರ್ಕೊಳ್ಳಪ್ಪ. ನಾನೇನು ಕುರ್ಚೀನಾ?” ಎಂದು ಅವಳು ಕೆಣಕಿದ್ದಳು. “ನಿಯಮ ಅಂದ್ರೆ ನಿಯಮ ಕಣಮ್ಮಾ,” ಎಂದು ಇವನು ನಕ್ಕಿದ್ದ. ನಾಲ್ಕು ವರ್ಷದ ಲೆಕ್ಕದ ಪುಸ್ತಕಗಳಲ್ಲಿ ಅವಳು ಒಂದು ದಿನವೂ ಇರಲಿಲ್ಲ.

ಸೋಮವಾರ ಬಡಗಿಗಳು ಬಂದರು. ಎದೆಗೆ ನೋಟ್‌ಬುಕ್ ಅವಚಿಕೊಂಡ ಹುಡುಗಿಯೊಬ್ಬಳು ಬಾಗಿಲಲ್ಲೇ ನಿಂತಳು. “ತಾತ, ಇನ್ನು ಎಲ್ಲಿ ಕೂರ್ಲಿ? ನಮ್ಮನೇಲಿ ಏಳು ಜನ, ಒಂದೇ ಕೋಣೆ.”

  ಒಳಗಿನ ಬಡಗಿಗಳನ್ನು ನೋಡಿ ಅವಳು ಹೊರಟುಹೋದಳು.

ಒಳಗೆ ಡ್ರಿಲ್ ಕಿರುಚುತ್ತಿತ್ತು. ಅವನು ಕರವಸ್ತ್ರ ಹಿಡಿದು ಮೊಗಸಾಲೆಗೆ ಬಂದ. ನಲವತ್ತು ಕುರ್ಚಿಗಳನ್ನು ಒಂದರ ಮೇಲೊಂದು ಪೇರಿಸಿದ್ದರು. ಎಲ್ಲವೂ ಒಂದೇ ಮರ, ಒಂದೇ ಬಣ್ಣ. ಒಂದೊಂದನ್ನೂ ಮುಟ್ಟಿ ನೋಡಿದ. ಮಗಳದು ಯಾವುದೆಂದು ತಿಳಿಯಲಿಲ್ಲ. ದೇವರ ಹೆಸರು ಹೇಳದೆಯೇ ಕರವಸ್ತ್ರ ಮಡಚಿ ಜೇಬಿಗಿಟ್ಟ.

“ದಾರಿ ಬಿಡಿ ಅಜ್ಜಾ, ಲಾರಿ ಕಾಯ್ತಿದೆ,” ಎಂದ ಬಡಗಿ.

ಅವನು ದಾರಿ ಬಿಟ್ಟ.