ಮುಳ್ಳಗಂಡಿಗೆ ಅಡ್ಡ ಬಿದ್ದ ಸೈಕಲ್ಲು

ನಾನು ಒಂದು ಸೈಕಲ್ಲು. ಒಂದು ಕಾಲದಲ್ಲಿ ಯಾರಾದರೂ ನನ್ನನ್ನು ಹೀಗೆ ಬರೀ ಸೈಕಲ್ಲು ಅಂದಿದ್ದರೆ ಉರಿದುಬೀಳುತ್ತಿದ್ದೆ. ಹಾಲಿನ ಕ್ಯಾನು ಹೊರುವ ಜಾತಿಯಲ್ಲ ನಾನು. ಜಲ್ಲಿ, ಗರಸು, ಕಲ್ಲುದಾರಿಯ ಮೇಲೆ ಓಡಲೆಂದೇ ಹುಟ್ಟಿದವನು. ದಪ್ಪ ಟೈರು, ಟಗರಿನ ಕೊಂಬಿನ ಹಾಗೆ ಕೆಳಗೆ ಬಾಗಿದ ಹ್ಯಾಂಡಲ್ಲು, ಇಪ್ಪತ್ತು ಗಿಯರು. ಈಗ ಮೈತುಂಬ ಜಾಲಿಮುಳ್ಳು ಕಟ್ಟಿಸಿಕೊಂಡು ಒಂದು ದಾರಿಗೆ ಅಡ್ಡ ಬಿದ್ದಿದ್ದೇನೆ. ಹೇಗೆ ಬಿದ್ದೆ ಅಂತ ಹೇಳುತ್ತೇನೆ. ತಾಳ್ಮೆ ಇದ್ದರೆ ಕೇಳಿ, ಇಲ್ಲದಿದ್ದರೆ ನೀವೂ ನನ್ನನ್ನು ಎತ್ತಿ ಪಕ್ಕಕ್ಕಿಟ್ಟು ಮುಂದೆ ಹೋಗಿ. ನನಗೆ ಅದೇನೂ ಹೊಸದಲ್ಲ.

ಹುಟ್ಟಿದ್ದು ಲುಧಿಯಾನದ ಕಾರ್ಖಾನೆಯೊಂದರಲ್ಲಿ. ನನ್ನ ಉಕ್ಕಿನ ಕೊಳವೆಗಳನ್ನು ಬೆಸೆದವನ ಮುಖ ನಾನು ನೋಡಲಿಲ್ಲ. ಅವನು ಮುಖಕ್ಕೆ ಕಪ್ಪು ಗಾಜು ಹಿಡಿದಿದ್ದ. ಹಸಿರು ಬಣ್ಣ ಹೊಡೆದರು, ರಟ್ಟಿನ ಪೆಟ್ಟಿಗೆಗೆ ತುಂಬಿದರು, ಲಾರಿ ಹತ್ತಿಸಿದರು. ಹುಬ್ಬಳ್ಳಿಯ ಅಂಗಡಿಯಲ್ಲಿ ಪೆಟ್ಟಿಗೆ ಬಿಚ್ಚಿದ ದಿನವೇ ದಂತವೈದ್ಯ ಅಜಿತ ಬೆಣ್ಣೂರ ಅವರ ಕಣ್ಣು ನನ್ನ ಮೇಲೆ ಬಿತ್ತು.

ಡಾಕ್ಟರು ಕೆಟ್ಟವರಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಕೆಟ್ಟವರಾಗಿದ್ದರೆ ಬೈದು ಹಗುರಾಗುತ್ತಿದ್ದೆ. ವಾರವಿಡೀ ಮಂದಿಯ ಹಲ್ಲು ಕಿತ್ತು, ಭಾನುವಾರ ಬಂತೆಂದರೆ ನನ್ನನ್ನು ಏರಿ ಹಳ್ಳಿ ಕಡೆ ಹೊರಡುತ್ತಿದ್ದರು. ಜೊತೆಗೆ ಅವರದೇ ಒಂದು ಗುಂಪು. ಡಾಂಬರು ಕಂಡರೆ ಅವರಿಗೆ ಆಗುತ್ತಿರಲಿಲ್ಲ. ಗರಸಿನ ದಾರಿ ಬೇಕು, ನಿಶ್ಶಬ್ದ ಬೇಕು, ಎದುರಿಗೆ ಒಂದು ಗುಡ್ಡ ಬೇಕು. ಸವಾರಿ ಮುಗಿದ ಮೇಲೆ ನನ್ನನ್ನು ಒರೆಸಿ, ಚೈನಿಗೆ ಎಣ್ಣೆ ಹಾಕಿ, ಮಲಗುವ ಕೋಣೆಯಲ್ಲಿ ನಿಲ್ಲಿಸುತ್ತಿದ್ದರು. ಅವರ ಹೆಂಡತಿ ನನ್ನನ್ನು ಸವತಿ ಅನ್ನುತ್ತಿದ್ದರು. ಸುಳ್ಳು ಯಾಕೆ ಹೇಳಲಿ, ನನಗೆ ಖುಷಿಯಾಗುತ್ತಿತ್ತು.

ಒಂದು ಬೇಸಿಗೆಯಲ್ಲಿ ಗದಗ ದಾಟಿ, ಗುಡ್ಡದ ಬುಡದ ಬೆಣಚಮಟ್ಟಿ ಎಂಬ ಊರಿಗೆ ಬಂದೆವು. ಕೆಂಪು ನೆಲ, ಬಿಳಿ ಬೆಣಚುಕಲ್ಲು, ಗಾಳಿ ಬಿಟ್ಟರೆ ಬೇರೆ ಸದ್ದಿಲ್ಲ. ಊರ ಮುಂದಿನ ಮನೆಯ ಕಟ್ಟೆಯ ಮೇಲೆ ಭರಮಪ್ಪ ಎಂಬ ರೈತ ಹಗ್ಗ ಹೊಸೆಯುತ್ತ ಕೂತಿದ್ದ. ಡಾಕ್ಟರು ಗುಡ್ಡ ಹತ್ತುವ ದಾರಿ ಕೇಳಿದರು.

"ಅಲ್ರೀ ಸಾಹೇಬ್ರ, ಚಲೋ ಡಾಂಬರ್ ರಸ್ತಾ ಬಿಟ್ಟು ಈ ಕಲ್ಲಾಗ ಯಾಕ ಸಾಯಾಕ ಹೊಂಟೀರಿ?" ಅಂದ ಭರಮಪ್ಪ. ಆದರೂ ಎದ್ದ. ಅವನ ಹೆಂಡತಿ ರುದ್ರವ್ವ ಎಲ್ಲರಿಗೂ ತಂಬಿಗೆ ತುಂಬ ಮಜ್ಜಿಗೆ ಕೊಟ್ಟಳು. ಭರಮಪ್ಪ ನನ್ನ ಕೊಂಬು ಹಿಡಿದು, ಎತ್ತು ಹೊಡೆದುಕೊಂಡು ಹೋಗುವವನಂತೆ ನನ್ನ ಪಕ್ಕದಲ್ಲಿ ನಡೆದ. ಎರಡು ಬಂಡೆಗಳ ನಡುವಿನ ಒಂದು ಕಿರಿದಾದ ಸಂದಿಗೆ ಬಂದು ನಿಂತೆವು.

"ಇದು ಮುಳ್ಳಗಂಡಿರಿ. ಇದರಾಚೆ ಊರ ಹುಲ್ಲಗಾವಲು. ಮುಂಗಾರಿನ ಮಿರಗದ ಮಳಿ ಬಿದ್ದ ಕೂಡ್ಲೇ ನಾ ಇಲ್ಲಿ ಒಂದು ಜಾಲಿಕಂಟಿ ಅಡ್ಡ ಹಾಕ್ತೀನಿ. ಬನ್ನಿ ಹಬ್ಬದ ತನಕ ಒಳಗ ಒಂದು ಕರಾನೂ ಹೋಗಂಗಿಲ್ಲ. ನಮ್ಮ ಮುತ್ತಜ್ಜನ ಕಾಲದಿಂದ ಮುಳ್ಳು ನಮ್ಮ ಮನಿತನದ್ದು. ಹಾಕಿದವನ ತಗೀಬೇಕು. ಮುಳ್ಳು ಇಲ್ಲಂದ್ರ ಗಾವಲು ಬಿಟ್ಟಾರ ಅಂತ ಅರ್ಥ, ಸುತ್ತ ನಾಕೂರ ದನ ಬರ್ತಾವು. ಮಳಿಗಾಲದಾಗ ಬಂದ್ರ ನೀವು ಕೆಳಗಿನ ಹಳ್ಳದ ದಾರೀಲೆ ಹೋಗ್ರಿ."

"ಆಯ್ತು, ಆಯ್ತು," ಅಂದರು ಡಾಕ್ಟರು. ಆದರೆ ಅವರ ಕಣ್ಣು ನನ್ನ ಹ್ಯಾಂಡಲ್ಲಿಗೆ ಸಿಕ್ಕಿಸಿದ್ದ ಫೋನಿನಲ್ಲಿತ್ತು. ನಾವು ಬಂದ ದಾರಿಯೆಲ್ಲ ಅದರಲ್ಲಿ ಒಂದು ಕೆಂಪು ಗೆರೆಯಾಗಿ ಬೀಳುತ್ತಿತ್ತು. ಮನೆಗೆ ಹೋದ ಮೇಲೆ ಆ ಗೆರೆಗೆ ರೆಡ್ ರಿಬ್ಬನ್ ಅಂತ ಹೆಸರಿಟ್ಟು ಜಗತ್ತಿಗೆಲ್ಲ ತೋರಿಸಿದರು. ಮುಳ್ಳಗಂಡಿ ಅನ್ನುವ ಹೆಸರು ಎಲ್ಲಿಯೂ ಇರಲಿಲ್ಲ.

ಅಲ್ಲಿ ಕಾವಲಿಗೆ ಗೇಟಿಲ್ಲ, ಬೀಗವಿಲ್ಲ. ಒಂದು ಒಣಗಿದ ಕಂಟಿ, ಅಷ್ಟೆ. ದನ ಕಾಯುವವರು ಅದನ್ನು ನೋಡಿ ಹಿಂದಕ್ಕೆ ತಿರುಗುತ್ತಿದ್ದರು. ದಸರೆಯ ಬನ್ನಿ ಹಬ್ಬದ ಮರುದಿನ ಭರಮಪ್ಪ ಮುಳ್ಳು ತೆಗೆದರೆ, ಮೊದಲ ದಿನ ಗಂಡನಿಲ್ಲದ ಹೆಂಗಸರು ಮಾತ್ರ ಹುಲ್ಲು ಕೊಯ್ಯಬೇಕು; ಉಳಿದ ಮನೆಗಳ ಕುಡುಗೋಲು ಆಮೇಲೆ. ಇದೆಲ್ಲ ನನಗೆ ತಿಳಿದದ್ದು ಬಹಳ ತಡವಾಗಿ, ಅವನ ಕೊಟ್ಟಿಗೆಯಲ್ಲಿ ಕೂತು.

ಶ್ರಾವಣ ಬಂತು. ಪಂಚಮಿ ಹಬ್ಬಕ್ಕೆ ಮಗಳನ್ನು ಕರೆತರಲು ಭರಮಪ್ಪ ಮುಂಡರಗಿ ಕಡೆ ಹೋಗಿದ್ದ. ಆ ಭಾನುವಾರ ನಾವು ಇಪ್ಪತ್ತೆರಡು ಸೈಕಲ್ಲುಗಳು ಬಂದೆವು. ಮುಳ್ಳಗಂಡಿಯಲ್ಲಿ ಕಂಟಿ ಬಿದ್ದಿತ್ತು. ಅದರಾಚೆ ಮೊಣಕಾಲೆತ್ತರದ ಹುಲ್ಲು ಗಾಳಿಗೆ ಬಾಗಿ ಏಳುತ್ತಿತ್ತು. ಹಿಂದಿನವನೊಬ್ಬ, "ಪಂಚರ್ ಆಗ್ತದ, ಹುಷಾರ್!" ಅಂತ ಕೂಗಿದ. ಡಾಕ್ಟರು ನನ್ನನ್ನು ಬಂಡೆಗೆ ಒರಗಿಸಿದರು. ಹುಳುಕು ಹಲ್ಲು ಎಳೆಯುವ ಆ ನಾಜೂಕಿನ ಕೈಯಿಂದ, ಎರಡು ಬೆರಳಲ್ಲಿ ಕಂಟಿಯ ಬುಡ ಹಿಡಿದು ಎತ್ತಿ, ಪಕ್ಕದ ತಗ್ಗಿಗೆ ಬಿಸಾಕಿದರು. "ಯಾರೋ ದಾರಿಯಾಗ ಕಸಾ ಒಗದಾರ," ಅಂದರು. ಅಷ್ಟೇ ಆದದ್ದು. ನಾನೂ ನನ್ನ ಟೈರು ಉಳಿಯಿತಲ್ಲ ಅಂತ ಹಿಗ್ಗಿದೆ. ಥೂ, ಈಗ ನೆನೆದರೆ ನಾಚಿಕೆಯಾಗುತ್ತದೆ.

ಅವತ್ತೇ ಡಾಕ್ಟರು ನನ್ನನ್ನು ಬಿಟ್ಟುಕೊಟ್ಟರು. ಅವರಿಗೆ ಹೊಸ ಸೈಕಲ್ಲು ಬಂದಿತ್ತಂತೆ, ಕಿರುಬೆರಳಲ್ಲಿ ಎತ್ತಬಹುದಾದಷ್ಟು ಹಗುರ. ವಾಪಸು ಬರುತ್ತ ನನ್ನನ್ನು ಭರಮಪ್ಪನ ಮನೆಯ ಗೋಡೆಗೆ ಆನಿಸಿ, "ನಿಮ್ಮ ಯಜಮಾನ್ರಿಗೆ ಕೊಡ್ರಿ ಅವ್ವಾರ, ದಾರಿ ತೋರಿಸಿದ್ದಕ್ಕ ನನ್ನ ಪ್ರೀತಿ ಕಾಣಿಕಿ," ಅಂತ ರುದ್ರವ್ವನಿಗೆ ಹೇಳಿ, ಗುಂಪಿನ ಹಿಂದೆ ಬರುತ್ತಿದ್ದ ಕಾರಿನಲ್ಲಿ ಕೂತು ಹೋದರು. ತಿರುಗಿ ನೋಡಲಿಲ್ಲ. ಮಲಗುವ ಕೋಣೆಯ ಸವತಿಯ ಗತಿ ಇಷ್ಟೇ.

ಮುಳ್ಳಿಲ್ಲದ ಗಂಡಿಯನ್ನು ಕಂಡ ದನಗಾಹಿಗಳು ಗಾವಲು ಬಿಟ್ಟಿದ್ದಾರೆಂದೇ ತಿಳಿದರು. ಅವರದೇನು ತಪ್ಪು? ಮೂರು ದಿನ ನಾಲ್ಕೂರಿನ ದನ, ಎಮ್ಮೆ, ಕುರಿ ನನ್ನ ಎದುರಿನಿಂದಲೇ ಹಾದುಹೋದವು. ತಡೆಯಲು ಓಡಿದ ರುದ್ರವ್ವನಿಗೆ, "ಮುಳ್ಳು ತಗದೀರಲ್ಲ ಬೇ, ಮತ್ಯಾಕ ತಡೀತಿ?" ಅಂದರು. ನಾಲ್ಕನೆಯ ದಿನ ಮಗಳ ಕೈಯಲ್ಲಿ ಪಂಚಮಿ ಉಂಡೆಯ ಬುತ್ತಿ ಹಿಡಿಸಿಕೊಂಡು ಭರಮಪ್ಪ ಊರಿಗೆ ಬಂದಾಗ, ಗಾವಲಿನಲ್ಲಿ ಸಗಣಿ ಬಿಟ್ಟರೆ ಏನೂ ಉಳಿದಿರಲಿಲ್ಲ.

ಊರವರು ನ್ಯಾಯದ ಕಟ್ಟೆಗೆ ಸೇರಿದರು. ಸಾಕ್ಷಿಗೆಂದು ನನ್ನನ್ನೂ ತಳ್ಳಿಕೊಂಡು ಹೋದರು. ಹಿರಿಯ ಚನ್ನವೀರಪ್ಪ ಕೇಳಿದ, "ಭರಮಪ್ಪಾ, ಮುಳ್ಳು ನೀನ ತಗದಿಯೇನು?"

"ಇಲ್ರಿ. ನಾ ಊರಾಗ ಇರಲಿಲ್ಲ."

"ಹಂಗಾರ ಮುಳ್ಳು ಹೋದ ದಿನಾನ ಈ ಸೈಕಲ್ ನಿನ್ನ ಮನೀಗೆ ಹೆಂಗ ಬಂತು?"

ಭರಮಪ್ಪ ನನ್ನನ್ನು ನೋಡಿದ. "ದಾರಿ ತೋರಿಸಿದ್ದಕ್ಕ ಆ ಸಾಹೇಬ್ರು ಕಾಣಿಕಿ ಅಂತ ಬಿಟ್ಟು ಹೋಗ್ಯಾರ್ರಿ," ಅಂದಳು ರುದ್ರವ್ವ; ಆ ಮಾತೇ ಲಂಚಕ್ಕೆ ಸಾಕ್ಷಿಯಾಯಿತು. ಗಂಡನಿಲ್ಲದ ನಿಂಬವ್ವ, ಒಂದೇ ಎಮ್ಮೆಯನ್ನು ನಂಬಿದವಳು, ಎದ್ದುನಿಂತು ಬಾಯಿಬಾಯಿ ಬಡಿದುಕೊಂಡಳು. "ಬೇಲೀನ ಎದ್ದು ಹೊಲಾ ಮೇದ್ರ ಯಾರ ಮುಂದ ಹೇಳೂಣ್ರೋ ಯಪ್ಪಾ! ಇದರ ಆಸೇಕ ನಮ್ಮ ಬಾಯಾಗ ಮಣ್ಣ ಹಾಕಿದ್ಯಲ್ಲೋ! ನಿನ್ನ ಕೈ ಸೇದಿ ಹೋಗಲಿ!"

ಭರಮಪ್ಪ ಅವರ ಎದುರಿಗೇ, ಡಾಕ್ಟರು ಹಿಂದೆ ಕೊಟ್ಟಿದ್ದ ನಂಬರಿಗೆ ಫೋನು ಮಾಡಿ, ಎಲ್ಲರಿಗೂ ಕೇಳಲೆಂದು ಸ್ಪೀಕರು ಹಾಕಿದ. "ಸಾಹೇಬ್ರ, ನೀವು ಬಂದ ಐತವಾರ ಗಂಡ್ಯಾಗಿನ ಮುಳ್ಳು ತಗದವರು ನೀವ ಹೌದಲ್ರಿ? ಒಂದು ಮಾತು ಹೌದಂದ್ರ ಸಾಕ್ರಿ."

"ಮುಳ್ಳಾ? ಯಾವ ಮುಳ್ಳು?" ಅಂದಿತು ಫೋನಿನ ದನಿ. "ನೆನಪಿಲ್ಲರೀ ಭರಮಪ್ಪನವರ. ಸೈಕಲ್ ಹೆಂಗೈತಿ? ನಿಮ್ಮೂರಿನ ಫೋಟೊ ಎಷ್ಟು ಸಾವಿರ ಮಂದಿ ನೋಡ್ಯಾರ ಗೊತ್ತೈತೇನು? ಪೇಶಂಟ್ ಅದಾರ, ಆಮ್ಯಾಲ ಮಾತಾಡೂಣು."

ಅವರು ಸುಳ್ಳು ಹೇಳಲಿಲ್ಲ. ನಿಜವಾಗಿಯೂ ಮರೆತಿದ್ದರು. ನನ್ನ ಹೊಟ್ಟೆ ಉರಿಯುವುದು ಅದಕ್ಕೇ. ಎಮ್ಮೆಗೆ ಜ್ವರ ಬಂದರೆ ಎತ್ತಿಗೆ ಬರೆ ಎಳೆದರಂತೆ; ಇಲ್ಲಿ ಎಮ್ಮೆಗೆ ತನಗೆ ಜ್ವರ ಬಂದದ್ದೇ ಗೊತ್ತಿರಲಿಲ್ಲ.

ಮುಳ್ಳು ಹಾಕುವ ಹಕ್ಕು ಭರಮಪ್ಪನ ಮನೆತನದಿಂದ ಹೋಯಿತು. ಚನ್ನವೀರಪ್ಪ ಅದನ್ನು ಬೇರೆ ಮನೆಗೆ ಕೊಟ್ಟ. ಆ ವರ್ಷ ಬನ್ನಿ ಕೊಡಲು ಅವನ ಮನೆಗೆ ಯಾರೂ ಬರಲಿಲ್ಲ. ರುದ್ರವ್ವ ಹೊಸ್ತಿಲ ಮೇಲೆ ಬನ್ನಿ ಎಲೆಯ ತಾಟು ಇಟ್ಟುಕೊಂಡು ಕತ್ತಲಾಗುವ ತನಕ ಕೂತಿದ್ದಳು. ದೀವಳಿಗೆಗೆ ಮೊದಲೇ ನಿಂಬವ್ವ ಎಮ್ಮೆ ಮಾರಿದಳು. ಸಂತೆಗೆ ಹೋಗುವಾಗ ಅದು ನಮ್ಮ ಬಾಗಿಲ ಮುಂದೆ ನಿಂತು ಒಮ್ಮೆ ಕೂಗಿತು.

ನನ್ನನ್ನು ಕೊಟ್ಟಿಗೆಗೆ ಹಾಕಿದರು. ಭರಮಪ್ಪ ಒಂದು ಸಲವೂ ನನ್ನನ್ನು ಹತ್ತಲಿಲ್ಲ. ಹತ್ತಿದ್ದರೆ ಊರು ಏನನ್ನುತ್ತಿತ್ತೋ ಅವನಿಗೆ ಗೊತ್ತಿತ್ತು. ಗುಜರಿಗೆ ಹಾಕು ಅಂದಳು ರುದ್ರವ್ವ. "ಬ್ಯಾಡ, ಇರ್ಲಿ," ಅಂದ. ಸೀಟಿನ ಮೇಲೆ ಕೋಳಿ ಕೂತವು. ಬ್ರೇಕಿನ ತಂತಿ ಕಿತ್ತು ಬಾಗಿಲ ಅಗುಳಿಗೆ ಕಟ್ಟಿದರು. ಹಸಿರು ಬಣ್ಣ ಎದ್ದು ತುಕ್ಕು ಬಂತು. ಇಪ್ಪತ್ತು ಗಿಯರು ಕಚ್ಚಿಕೊಂಡು ಒಂದಾದವು.

ಹೊಸ ಕಾವಲಿನವನು ಹಾಕಿದ ಮುಳ್ಳೇನು ಉಳಿಯಿತೇ? ರೆಡ್ ರಿಬ್ಬನ್ ಹುಡುಕಿಕೊಂಡು ಬೇರೆ ಬೇರೆ ಊರುಗಳ ಸೈಕಲ್ಲುಗಳು ಬಂದವು, ಹಿಂದೆಯೇ ಮೋಟಾರು ಬೈಕುಗಳು ಬಂದವು. ಪ್ರತಿ ವಾರ ಯಾರೋ ಎತ್ತಿ ಬಿಸಾಕುವುದು, ಇವನು ಮತ್ತೆ ಹಾಕುವುದು. ಎರಡು ಮಳೆಗಾಲ ಹೆಣಗಿ ಅವನೂ ಕೈಬಿಟ್ಟ. ಗಾವಲು ನಾಯಿಕೊಡೆಯೂ ಏಳದ ಬೋಳು ನೆಲವಾಯಿತು. ಸೈಕಲ್ಲು ಓಡಲು ಮಾತ್ರ ಬಲು ಚೆನ್ನಾಯಿತಂತೆ!

ಮೂರನೆಯ ವರ್ಷ ಮಿರಗದ ಮಳೆ ಬಿದ್ದ ಮರುದಿನ ಬೆಳಿಗ್ಗೆ ಭರಮಪ್ಪ ನನ್ನನ್ನು ಹೆಗಲ ಮೇಲೆ ಹೊತ್ತ. ಗಂಡಿಗೆ ತಂದು ಅಡ್ಡ ಮಲಗಿಸಿದ. ಎರಡು ಜಾಲಿಕಂಟಿ ಕಡಿದು ನನ್ನ ಕಡ್ಡಿಗಳಿಗೆ ಹೆಣೆದು, ತಾನೇ ಹೊಸೆದ ಹಗ್ಗದಿಂದ ಬಿಗಿದ. ಅದೇ ದಾರಿಯಲ್ಲಿ ಬಂದ ಚನ್ನವೀರಪ್ಪ ನಿಂತು ನೋಡಿದ.

"ಮುಳ್ಳು ಹಾಕೂ ಹಕ್ಕು ನಿಂದಲ್ಲ, ಭರಮಪ್ಪ."

"ಮುಳ್ಳು ಹಾಕೀನಿ ಅಂತ ಯಾರಂದ್ರಿ? ನನ್ನ ಸೈಕಲ್ ಇಟ್ಟೀನಿ. ನನ್ನದು ಅಂತ ಊರ ತೀರ್ಪು ಕೊಟ್ಟೈತಲ್ರಿ."

ಚನ್ನವೀರಪ್ಪ ಬಂದ ದಾರಿಗೇ ಹಿಂದಕ್ಕೆ ತಿರುಗಿದ.

ಶ್ರಾವಣದಲ್ಲಿ ಡಾಕ್ಟರು ಬಂದರು. ದೂರದಿಂದಲೇ ದನಿ ಗುರುತು ಹಿಡಿದೆ. ಎದೆ ಹೊಡೆದುಕೊಂಡಿತು ಅನ್ನಲು ನನಗೆ ಎದೆಯಿಲ್ಲ; ಆದರೆ ಏನೋ ಆಯಿತು. ಅವರು ಹಗುರವಾದ ಹೊಸ ಸೈಕಲ್ಲಿನಿಂದ ಇಳಿದು ನನ್ನ ಹತ್ತಿರ ಬಗ್ಗಿದರು. ಅವರೇ ಕೈಯಾರೆ ಸುತ್ತಿದ್ದ ಕಪ್ಪು ಪಟ್ಟಿ ನನ್ನ ಹ್ಯಾಂಡಲ್ಲಿನ ಮೇಲೆ ಇನ್ನೂ ಚೂರು ಉಳಿದಿತ್ತು. ಅದನ್ನೇ ಹಿಡಿದು ಎತ್ತಿದರು. "ಯಾರೋ ಗುಜರಿ ತಂದು ಒಗದಾರ," ಅಂದರು. ನನ್ನನ್ನು ಅದೇ ತಗ್ಗಿಗೆ ತಳ್ಳಿ, ಕೈ ಒರೆಸಿಕೊಂಡು ಹೋದರು. ಒಂದು ಮುಳ್ಳು ಅವರ ಟೈರಿಗೆ ನಾಟಿದ್ದನ್ನು ಕಂಡು ಕ್ಷಣ ಸಂತೋಷಪಟ್ಟೆ. ಅದೂ ವ್ಯರ್ಥ. ಈಗಿನ ಟೈರುಗಳ ಒಳಗೆ ಏನೋ ಅಂಟು ಇರುತ್ತದಂತೆ, ಮುಳ್ಳು ಚುಚ್ಚಿದರೂ ಗಾಳಿ ಹೋಗುವುದಿಲ್ಲ.

ಬಂಡೆಯ ಮರೆಯಲ್ಲಿ ಕಟ್ಟಿಗೆ ಆಯುತ್ತಿದ್ದ ನಿಂಬವ್ವ ಅದೆಲ್ಲವನ್ನೂ ನೋಡಿದಳು. ಸೈಕಲ್ಲುಗಳ ಧೂಳು ಕಣ್ಮರೆಯಾಗುವ ತನಕ ನಿಂತೇ ಇದ್ದಳು. ಆಮೇಲೆ ಕಟ್ಟಿಗೆ ಅಲ್ಲೇ ಬಿಟ್ಟು ಊರ ಕಡೆ ಓಡಿದಳು. ಸ್ವಲ್ಪ ಹೊತ್ತಿಗೆ ಭರಮಪ್ಪನ ಹಿಂದೆ ಹಿಂದೆಯೇ ಅಳುತ್ತ ಬಂದಳು.

"ನನ್ನ ಕಣ್ಣಾರೆ ನೋಡಿದ್ನೋ ಯಣ್ಣಾ, ಆ ಸಾಹೇಬನ ಎತ್ತಿ ಒಗದ. ಅವತ್ತೂ ಅವನ ಒಗದಿರಬೇಕು. ನನ್ನ ನಾಲಿಗೀಗೆ ಹುಳಾ ಬೀಳಲಿ, ನಿನಗ ಹಾಕಬಾರದ ಶಾಪ ಹಾಕಿದ್ನೋ. ನಡಿ, ಊರ ಕಟ್ಟೀಗೆ ಹೋಗೂಣು, ಎಲ್ಲಾರ ಮುಂದ ಹೇಳ್ತೀನಿ. ನಿನ್ನ ಮುಳ್ಳು ನಿನಗ ಕೊಡಸ್ತೀನಿ."

ಭರಮಪ್ಪ ತಗ್ಗಿನಿಂದ ನನ್ನನ್ನು ಎತ್ತಿದ. ಮುಳ್ಳು ಅಂಗೈಗೆ ತಾಗಿ ರಕ್ತ ಬಂತು. ಗಂಡಿಯಾಚೆ ಕೈ ತೋರಿಸಿದ.

"ನೋಡಿದ್ಯಲ್ಲ, ಅಷ್ಟ ಸಾಕ ಬಿಡು ತಂಗಿ. ಮುಳ್ಳು ಇಸಗೊಂಡು ಏನ್ ಕಾಯಲಿ? ಹುಲ್ಲ ಎಲ್ಲೈತಿ?"

ನಿಂಬವ್ವ ಆ ಕಡೆ ನೋಡಿದಳು. ಕೆಂಪು ಗರಸಿನ ಮೇಲೆ ಚಕ್ರದ ಗುರುತುಗಳು ಮಾತ್ರ ಇದ್ದವು. ಭರಮಪ್ಪ ನನ್ನನ್ನು ಮತ್ತೆ ಗಂಡಿಗೆ ಅಡ್ಡ ಮಲಗಿಸಿ, ಹಗ್ಗ ಬಿಗಿದು, ಮನೆಗೆ ಹೋದ.

ಇಲ್ಲೇ ಇದ್ದೇನೆ. ನನ್ನ ಹಿಂದೆ ಕಾಯಲು ಏನೂ ಇಲ್ಲ. ಬರುವ ಭಾನುವಾರ ಯಾರೋ ಬಂದು ಎತ್ತಿಡುತ್ತಾರೆ, ಸೋಮವಾರ ಅವನು ಬಂದು ಮತ್ತೆ ಮಲಗಿಸುತ್ತಾನೆ.